ಜಾಲರಿಗೂ ಕಂಡೆನ್ಸರಿಗೂ ನಡುವೆ ಎರಡು ಬೆರಳು

“ಅಲ್ಲ ಮೇಷ್ಟ್ರೇ, ಕಾರಿನ ಮೂತಿಗೆ ಸೊಳ್ಳೆಪರದೆ ಕಟ್ಟೋದನ್ನ ಕಲಿಯೋಕೆ ಒಬ್ಬ ಮನುಷ್ಯನಿಗೆ ಮೂವತ್ತೆಂಟು ವರ್ಷ ಬೇಕಾ?”

ಹೀಗೆ ಕೇಳಿದವರು ಬಾಡಿಗೆ ಕಾರು ಓಡಿಸುವ ಒಬ್ಬ ಹಿರಿಯರು. ಕೇಳಿಸಿಕೊಂಡವರು, ಕಳೆದ ತಿಂಗಳು ಗ್ಯಾರೇಜಿನ ಸೇವೆಯಿಂದ ನಿವೃತ್ತರಾದ, ಈ ಸಂಪುಟದ ಅಭಿನಂದನೆಗೆ ಪಾತ್ರರಾದ ಹವಾ ಮೇಷ್ಟ್ರು. ಪ್ರಶ್ನೆಯಲ್ಲಿದ್ದದ್ದು ಬರೀ ತಮಾಷೆ. ಆದರೆ ಮೇಷ್ಟ್ರಿಗೆ ಯಾವ ತಮಾಷೆಯೂ ಮೊದಲು ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಹಿಡಿಯಿಂದ ಕಿವಿಯ ಹಿಂದೆ ಕೆರೆದುಕೊಂಡು, ಸೂರು ನೋಡಿ, ನೆಲ ನೋಡಿ, “ನಲವತ್ತು ಬೇಕಿತ್ತು ಅನ್ಸತ್ತೆ. ಎರಡು ವರ್ಷ ಕಮ್ಮಿ ಬಿತ್ತು ನೋಡಿ” ಅಂದರು. ಕೇಳಿದವರಿಗೆ ನಗಬೇಕೋ ಬೇಡವೋ ತಿಳಿಯದೆ ಹೋಯಿತು.

ವಾಹನ ದುರಸ್ತಿಯ ಲೋಕದಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರಿಗೊಂದು ಗತ್ತು, ಬಣ್ಣ ಹೊಡೆಯುವವರಿಗೊಂದು ಹೆಸರು, ಚಕ್ರ ಸರಿಮಾಡುವವರಿಗೂ ಅವರದೇ ಆದ ಒಂದು ಮರ್ಯಾದೆ ಉಂಟು. ಆದರೆ ಕಾರಿನ ಮುಂಭಾಗದಲ್ಲಿ, ಬಂಪರಿನ ಸೀಳುಗಳ ಹಿಂದೆ, ಬರುವ ಗಾಳಿಗೂ ಬರುವ ಕಲ್ಲಿಗೂ ಒಂದೇ ಸಮನಾಗಿ ಎದೆಯೊಡ್ಡಿ ನಿಂತ ಎಸಿಯ ಕಂಡೆನ್ಸರ್ ಎಂಬ ತೆಳು ಅಲ್ಯೂಮಿನಿಯಂ ಹಲಗೆಯನ್ನು ಕಾಯುವುದೇ ಒಂದು ವಿದ್ಯೆ ಎಂದು ನಂಬಿ, ಆ ವಿದ್ಯೆಗೆ ಒಂದು ಆಯುಷ್ಯವನ್ನೇ ಕೊಟ್ಟವರು ವಿರಳ. ಒಳಗೆ ಕೂತವರ ಸೆಕೆಯನ್ನು ಹೊತ್ತು ತಂದು ಹೊರಗಾಳಿಗೆ ಒಪ್ಪಿಸುವುದು ಆ ಹಲಗೆಯ ಕೆಲಸ. ಮುಂದೆ ಹೋಗುವ ಲಾರಿಯ ಚಕ್ರದಿಂದ ಚಿಮ್ಮಿದ, ಕಡಲೆಕಾಳಿನಷ್ಟು ದೊಡ್ಡ ಒಂದು ಕಲ್ಲು ಬಡಿದರೆ ಸಾಕು, ಅದರ ಕೊಳವೆ ತೂತಾಗಿ, ಗ್ಯಾಸೆಲ್ಲ ಸದ್ದಿಲ್ಲದೆ ಹೊರಟುಹೋಗಿ, ಕಾರು ಒಲೆಯಾಗುತ್ತದೆ. ಆ ಕಲ್ಲನ್ನು ತಡೆಯಬೇಕು, ಗಾಳಿಯನ್ನು ಮಾತ್ರ ತಡೆಯಬಾರದು. ಮೇಷ್ಟ್ರ ಮೂವತ್ತೆಂಟು ವರ್ಷದ ಸೇವೆ ಈ ಎರಡು ಮಾತುಗಳ ನಡುವೆಯೇ ಕಳೆಯಿತು.

ಅವರು ಗ್ಯಾರೇಜಿಗೆ ಬಂದಾಗ ಇಪ್ಪತ್ತು ವರ್ಷ. ರೇಡಿಯೇಟರಿಗೆ ಬೆಸುಗೆ ಹಾಕುವ ಕೆಲಸ. ಎಸಿ ಇರುವ ಕಾರುಗಳು ಆಗ ಬೆರಳೆಣಿಕೆಯಷ್ಟು. ಅವು ಬಂದರೆ ಉಳಿದವರು ಹಾವು ಕಂಡವರಂತೆ ದೂರ ನಿಲ್ಲುತ್ತಿದ್ದರು. ಇವರು ಮಾತ್ರ ಹತ್ತಿರ ಹೋಗಿ, ಏನೂ ಅರ್ಥವಾಗದೆ, ಅರ್ಥವಾಗದ್ದಕ್ಕೇ ಅಲ್ಲೇ ನಿಂತರು. ಅವರ ಮುಖದಲ್ಲಿ ಆಗ ಕೂತ ಕಕ್ಕಾಬಿಕ್ಕಿಯ ಕಳೆ ಇವತ್ತಿಗೂ ಎದ್ದು ಹೋಗಿಲ್ಲ. ಹೊಸದಾಗಿ ಬಂದ ಗ್ರಾಹಕರು ಅದನ್ನು ಕಂಡು, ಇವರಿಗೆ ಕೆಲಸ ಬರುವುದಿಲ್ಲವೆಂದು ತಿಳಿದು, ಕೌಂಟರಿನಲ್ಲಿ ಕೂರುವ ಅಕ್ಕನ ಬಳಿ ಬಂದು ಪಿಸುಗುಡುವುದುಂಟು. “ಅವರ ಮುಖ ನೋಡ್ಬೇಡಿ, ಕೈ ನೋಡಿ” ಎನ್ನುವುದು ಅಕ್ಕನ ಸಿದ್ಧ ಉತ್ತರ.

ಜಾಲರಿ ಕಟ್ಟುವ ಯೋಚನೆ ಬಂದದ್ದು ಆರನೆಯ ವರ್ಷದಲ್ಲಿ. ಮೊದಲು ತಂದದ್ದು ನಿಜಕ್ಕೂ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಲರಿ. ಅದನ್ನು ಕಟ್ಟಿಸಿಕೊಂಡ ವಕೀಲರೊಬ್ಬರು ನಾಲ್ಕನೆಯ ದಿನವೇ ಕರಿಕೋಟಿನ ಸಮೇತ ನೆನೆದು ತೊಪ್ಪೆಯಾಗಿ ಬಂದು, “ಮೇಷ್ಟ್ರೇ, ಕಲ್ಲು ಒಳಗೆ ಬರ್ತಿಲ್ಲ, ಒಪ್ಪಿದೆ. ಗಾಳಿನೂ ಬರ್ತಿಲ್ಲ. ನಾನು ಬೆಂದುಹೋದೆ” ಎಂದು ವಾದ ಮಂಡಿಸಿದರು. ಆಮೇಲೆ ತಂದದ್ದು ದೊಡ್ಡ ಕಣ್ಣಿನದು. ಅದರಲ್ಲಿ ಕಲ್ಲುಗಳು ಕರೆದ ನೆಂಟರ ಹಾಗೆ ನೇರವಾಗಿ ಒಳಗೆ ಬಂದವು. ಮೂರನೆಯ ಸಲ, ಜೇನುಗೂಡಿನ ಹಾಗೆ ಆರು ಮೂಲೆಯ, ಅರ್ಧ ಉಗುರಿನಷ್ಟು ಕಣ್ಣಿನ, ತೆಳು ತಂತಿಯ ಜಾಲರಿ ಸಿಕ್ಕಿತು. ಬಂಪರಿನ ಮೇಲಿನ ಬಾಯಿಗೆ ಮಾತ್ರ ಕಟ್ಟಿದರೆ ಕಲ್ಲು ಕೆಳಗಿನ ಬಾಯಿಂದ ನುಗ್ಗುತ್ತದೆಂದು ತಿಳಿಯಲು ಮತ್ತೆರಡು ವರ್ಷ ಹಿಡಿಯಿತು. ಜಾಲರಿಯನ್ನು ಹಲಗೆಗೆ ಒತ್ತಿ ಕಟ್ಟಬಾರದು, ಕಲ್ಲು ಬಡಿದಾಗ ಅದು ಹಿಂದಕ್ಕೆ ಬಳುಕಲು ಜಾಗವಿರಬೇಕು ಎಂಬುದು ಕೊನೆಗೆ ತಿಳಿದದ್ದು. ಬಂಪರ್ ಕೂರಿಸಿದ ಮೇಲೆ ಆ ಸಂದಿಗೆ ಅಳತೆಪಟ್ಟಿ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಕೆಳಗಿನಿಂದ ಕೈ ತೂರಿಸಿ ಮುಟ್ಟಿ ನೋಡಬೇಕು. ಹಾಗೆ ಹುಟ್ಟಿದ ಸೂತ್ರ: ಜಾಲರಿಗೂ ಕಂಡೆನ್ಸರಿಗೂ ನಡುವೆ ಎರಡು ಬೆರಳು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಅವರ ಉಪಕಾರಗಳನ್ನು ಪಟ್ಟಿ ಮಾಡಹೊರಟರೆ ಈ ಸಂಪುಟ ಸಾಲದು. ಒಂದನ್ನಂತೂ ಹೇಳಲೇಬೇಕು. ಒಂದು ಬೇಸಿಗೆಯಲ್ಲಿ, ಹೆರಿಗೆಗೆ ದಿನ ತುಂಬಿದ ಮಗಳನ್ನು ಕರೆತರಲು ಹೊರಟ ದಂಪತಿಗಳ ಹಳೆಯ ಕಾರು ಕಂಡೆನ್ಸರ್ ಒಡೆದು ಬಂತು. ಹೊಸದು ಬರಲು ಎಂಟು ದಿನ. ಮೇಷ್ಟ್ರು ಹೆಚ್ಚು ಮಾತಾಡದೆ, ತಮ್ಮದೂ ಅದೇ ಜಾತಿಯ ಕಾರಾದ್ದರಿಂದ, ಅದರ ಕಂಡೆನ್ಸರ್ ಬಿಚ್ಚಿ ಇದಕ್ಕೆ ಹಾಕಿ ಕಳಿಸಿದರು. ಆ ದಂಪತಿಗಳು ಮಗಳನ್ನೂ ಮೊಮ್ಮಗನನ್ನೂ ನೋಡಿಕೊಳ್ಳುವುದರಲ್ಲಿ ಅದನ್ನು ಹಿಂದಿರುಗಿಸುವುದನ್ನೇ ಮರೆತರು, ಇವರು ಕೇಳುವುದನ್ನು ಮರೆತರು. “ಹವಾ ಮೇಷ್ಟ್ರ ಹೆಂಡ್ತಿ ಅನ್ನೋ ಹೆಸರು ಮಾತ್ರ ತಂಪು. ಕಾರಲ್ಲಿ ಕೂತ್ರೆ ಹಪ್ಪಳ” ಎಂದು ಮೇಷ್ಟ್ರ ಮನೆಯವರು ಗ್ಯಾರೇಜಿಗೇ ಬಂದು ಹೇಳಿ ಹೋದರು. ಅವರದು ಇನ್ನೊಂದು ದೂರೂ ಇದೆ. ಹಲಗೆಯ ಮೇಲೆ ಮಡಚಿಕೊಂಡ ತೆಳು ತಗಡಿನ ಎಸಳುಗಳನ್ನು ನೆಟ್ಟಗೆ ಮಾಡಲು ಮೇಷ್ಟ್ರು ಅವರ ಬಾಚಣಿಗೆಗಳನ್ನು ಒಂದೊಂದಾಗಿ ತಂದುಬಿಡುತ್ತಿದ್ದರು. “ನನ್ನ ತಲೆಗಿಂತ ಆ ಹಲಗೆ ತಲೆ ಹೆಚ್ಚಾಯ್ತಾ ನಿಮ್ಗೆ?” ಎಂಬ ಪ್ರಶ್ನೆಗೂ ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಲು ತೊಡಗಿದ್ದೇ ದೊಡ್ಡ ತಪ್ಪಾಯಿತಂತೆ.

ಇನ್ನು ಹೊಸಬಳ ವಿಷಯ. ಅವಳು ಸೇರಿ ಆರು ವರ್ಷವಾದರೂ ಗ್ಯಾರೇಜಿಗೆಲ್ಲ ಹೊಸಬಳೇ. ಮೂವತ್ತರ ವಯಸ್ಸಿನಲ್ಲಿ, ಪುಟ್ಟ ಮಗಳೊಬ್ಬಳನ್ನು ಸಾಕುವ ಹೊಣೆ ಹೊತ್ತು, ಬಟ್ಟೆ ಹೊಲಿಯುವ ಅಂಗಡಿ ಬಿಟ್ಟು, ಇಲ್ಲಿ ಕಾರಿನ ಸೀಟು ಹೊಲಿಯಲು ಬಂದವಳು. ಒಮ್ಮೆ ಕೈಸಾಲದೆ ಮೇಷ್ಟ್ರು ಅವಳನ್ನು ಬಂಪರ್ ಹಿಡಿಯಲು ಕರೆದರು. ಅವಳು ಹಿಡಿಯುವ ಬದಲು ಬಿಚ್ಚಿಯೇಬಿಟ್ಟಳು. ಹನ್ನೆರಡು ಕ್ಲಿಪ್ಪುಗಳಲ್ಲಿ ಒಂದೂ ಮುರಿದಿರಲಿಲ್ಲ.

“ಹೇಗೆ ತೆಗ್ದೆ?”

“ಗುಂಡಿ ಬಿಚ್ಚಿದ ಹಾಗೆ ಬಿಚ್ದೆ. ಯಾಕೆ, ಮುರೀಬೇಕಿತ್ತಾ?”

ಅಂದಿನಿಂದ ಅವಳು ಎಸಿ ಕೆಲಸ ನಡೆಯುವ ಹವಾ ಮೇಜಿಗೆ ಬಂದಳು. ಎರಡು ವರ್ಷದ ಹಿಂದೆ ಸಿದ್ಧ ಹೊದಿಕೆಗಳು ಬಂದು ಸೀಟು ಹೊಲಿಯುವ ವಿಭಾಗವೇ ಮುಚ್ಚಿತು. ಅಂದರೆ ಅವಳಿಗೆ ಗ್ಯಾರೇಜಿನಲ್ಲಿ ಉಳಿದದ್ದು ಆ ಮೇಜೊಂದೇ. ಮೇಷ್ಟ್ರು ನಿವೃತ್ತರಾದ ಮೇಲೆ ಮೇಜು ಅವಳಿಗೇ ಎಂದು ಗ್ಯಾರೇಜಿನ ಯಜಮಾನರು ಮಾತೂ ಕೊಟ್ಟಿದ್ದರು. ಅದಕ್ಕೆ ಸಿದ್ಧವಾಗಲೆಂದು ಮೇಷ್ಟ್ರು ಕಳೆದ ವರ್ಷದಿಂದ ಜಾಲರಿಯ ಕೆಲಸವನ್ನು ಪೂರ್ತಿ ಅವಳಿಗೇ ಬಿಡತೊಡಗಿದರು. ಹಳೆಯ ಪರಿಚಯದವರು ಹಟ ಹಿಡಿದರೆ ಮಾತ್ರ ತಾವು ಕೈ ಹಾಕುತ್ತಿದ್ದರು.

ಆಮೇಲೆ ಶುರುವಾಯಿತು. ನಾಲ್ಕು ತಿಂಗಳಲ್ಲಿ ನಾಲ್ಕು ಕಾರು ಗ್ಯಾಸ್ ಸೋರಿ ಹಿಂದಕ್ಕೆ ಬಂದವು. ನಾಲ್ಕಕ್ಕೂ ಜಾಲರಿ ಕಟ್ಟಿದವಳು ಅವಳೇ. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಜಾಲರಿ ಹರಿದಿರಲಿಲ್ಲ, ಸಡಿಲವಾಗಿರಲಿಲ್ಲ, ಕಟ್ಟು ಒಂದೂ ಬಿಚ್ಚಿರಲಿಲ್ಲ. ಅವಳ ಕಟ್ಟುಗಳು ಮೇಷ್ಟ್ರ ಕಟ್ಟುಗಳಿಗಿಂತ ಅಚ್ಚುಕಟ್ಟಾಗಿಯೇ ಇದ್ದವು. ಅವರು ಜಾಲರಿ ತಂದ ಅಂಗಡಿಗೆ ಹೋಗಿ ತಂತಿಯ ದಪ್ಪ ಅಳೆದರು. ನಾಲ್ವರು ಗ್ರಾಹಕರ ಪಕ್ಕದಲ್ಲಿ ಕೂತು ಅವರವರು ಓಡಾಡುವ ರಸ್ತೆಗಳಲ್ಲಿ ಓಡಾಡಿ ಬಂದರು. ಒಬ್ಬರ ರಸ್ತೆ ಕಲ್ಲುಮಯ, ಇನ್ನೊಬ್ಬರದು ಕನ್ನಡಿ. ಎರಡೂ ಕಾರು ತೂತು. ಅವರ ಗೊಂದಲ ದಿನದಿನಕ್ಕೆ ಬೆಳೆಯಿತು. ಊಟದ ಡಬ್ಬಿಯ ಮುಚ್ಚಳ ತೆಗೆದು, ತಿನ್ನುವುದನ್ನು ಮರೆತು, ಮತ್ತೆ ಮುಚ್ಚಿಡುವುದನ್ನು ಎಲ್ಲರೂ ಕಂಡಿದ್ದೇವೆ.

ಯಜಮಾನರು ಕೆಟ್ಟವರಲ್ಲ, ಆದರೆ ತಾಳ್ಮೆ ಅಳೆದು ಸುರಿಯುವವರು. “ನೋಡಿ ಮೇಷ್ಟ್ರೇ, ಮೇಜು ಅವಳಿಗೆ ಅಂತ ಮಾತು ಕೊಟ್ಟಿದ್ದು ನಿಜ. ಆದ್ರೆ ಕಾರಣ ಗೊತ್ತಿಲ್ದೆ ಹೇಗೆ ಕೊಡ್ಲಿ? ನೀವು ಹೋಗೋದ್ರೊಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ.” ಅವಳು ಎಲ್ಲಿಗೆ ಹೋಗಬೇಕೆಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ನಾಲ್ಕು ಒಡೆದ ಕಂಡೆನ್ಸರುಗಳನ್ನು ಕೌಂಟರಿನೆದುರು ಸಾಲಾಗಿ ಒರಗಿಸಿ, ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಕೌಂಟರಿನ ಅಕ್ಕ ಬೇಸತ್ತು, “ಜಾಲರಿ ಹಾಗೇ ಇದೆ, ಒಳಗೆ ತೂತು ಅಂತೀರಿ. ಬೇಲಿನೇ ಎದ್ದು ಹೊಲ ಮೇಯ್ದಿರ್ಬೇಕು ಬಿಡಿ” ಎಂದು ಗಾದೆ ಎಸೆದು ಫೋನೆತ್ತಿಕೊಂಡಳು.

ಮೇಷ್ಟ್ರು ಎಂದಿನಂತೆ ತಮಾಷೆಯನ್ನು ಪ್ರಶ್ನೆಯೆಂದೇ ತಿಳಿದರು. ಎದ್ದು ಹೋಗಿ, ಕನ್ನಡಕವನ್ನು ಹಣೆಗೇರಿಸಿ, ಮೂಗು ಹಲಗೆಗೆ ತಾಗುವಷ್ಟು ಬಗ್ಗಿದರು. ತೂತಿನ ಸುತ್ತ ಆರು ಮೂಲೆಯ ಒಂದು ಮಸುಕು ಗುರುತು. ಪಕ್ಕದಲ್ಲಿ ಇನ್ನೊಂದು. ಎರಡನೆಯ ಹಲಗೆಯಲ್ಲೂ ಅದೇ. ಕಲ್ಲು ಒಳಗೆ ಬಂದೇ ಇರಲಿಲ್ಲ. ಕಲ್ಲು ಜಾಲರಿಗೆ ಬಡಿದಿತ್ತು, ಜಾಲರಿ ಹೋಗಿ ಹಲಗೆಗೆ ಬಡಿದಿತ್ತು. ಬೇಲಿ ಅಕ್ಷರಶಃ ಎದ್ದು ಮೇಯ್ದಿತ್ತು.

ಹಾಗಾದರೆ ಅಂತರ ಸಾಲಲಿಲ್ಲ. ಆದರೆ ಹೊಸಬಳು ಅಂತರ ಬಿಡದವಳಲ್ಲ. ಅವಳನ್ನು ಕರೆದರು.

“ಎರಡು ಬೆರಳು ಬಿಟ್ಟಿದ್ಯಾ?”

“ಬಿಟ್ಟಿದೀನಿ ಮೇಷ್ಟ್ರೇ.”

“ನಾಲ್ಕರಲ್ಲೂ?”

“ನಾಲ್ಕರಲ್ಲೂ, ಮಿಕ್ಕಿದ್ದರಲ್ಲೂ. ಬಂಪರ್ ಹಾಕಿದ ಮೇಲೆ ಕೈ ತೂರ್ಸಿ ನೋಡ್ತೀನಿ. ನೀವು ಹೇಳಿಕೊಟ್ಟ ಹಾಗೇ. ನನ್ನ ಮಗಳಾಣೆ.” ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು. “ನಾನು ಹೋಗ್ತೀನಿ ಬಿಡಿ. ನಿಮ್ಮ ಹೆಸರು ಯಾಕೆ ಕೆಡ್ಬೇಕು?”

ಮೇಷ್ಟ್ರ ಗೊಂದಲ ಈಗ ಎರಡರಷ್ಟಾಯಿತು. ಅವಳು ಸುಳ್ಳು ಹೇಳುತ್ತಿಲ್ಲ, ಹಲಗೆಯೂ ಸುಳ್ಳು ಹೇಳುತ್ತಿಲ್ಲ. ಅವರು ಅವಳು ಹಿಂದಿನ ದಿನ ಮುಗಿಸಿದ್ದ ಒಂದು ಕಾರಿನ ಬಳಿಗೆ ನಡೆದು, “ತೋರ್ಸು” ಅಂದರು. ಅವಳು ನೆಲಕ್ಕೆ ಕೂತು, ಬಂಪರಿನ ಕೆಳಗಿನಿಂದ ಕೈ ತೂರಿಸಿ, “ಇದೋ, ಸರಿಯಾಗಿ ಎರಡು” ಅಂದಳು. ಅವಳು ಕೈ ತೆಗೆದ ಮೇಲೆ ಮೇಷ್ಟ್ರು ತಮ್ಮ ಕೈ ತೂರಿಸಿದರು. ಬೆರಳು ಹೋಗಲಿಲ್ಲ. ಹೊರಗೆಳೆದು, ಒರೆಸಿಕೊಂಡು, ಇನ್ನೊಮ್ಮೆ ತೂರಿಸಿದರು. ಒಂದು ಹೋಯಿತು, ಎರಡನೆಯದು ಗಿಣ್ಣಿನಲ್ಲಿ ನಿಂತಿತು.

“ನಿನ್ನ ಕೈ ತಾ.”

ಬೆಸುಗೆ, ಸುತ್ತಿಗೆ, ಸ್ಪ್ಯಾನರುಗಳ ನಡುವೆ ಊದಿ, ಗಿಣ್ಣು ಗಂಟಾದ ಆ ಕೈಯ ಪಕ್ಕದಲ್ಲಿ, ಸೂಜಿ ಹಿಡಿದು ಬೆಳೆದ ಅವಳ ಕೈ ಬಂದು ಕೂತಿತು. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದ ಆ ಎರಡು ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು.

“ಇದು ನಿನ್ನ ಎರಡು ಬೆರಳಾ?”

“ಹೂಂ.”

“ಹಾಗಾದ್ರೆ ಇದು?”

“ಅದು ನಿಮ್ಮ ಎರಡು… ಅಯ್ಯೋ ಮೇಷ್ಟ್ರೇ, ಅದು ನನ್ನ ಮೂರಕ್ಕೂ ಜಾಸ್ತಿ!”

ಮೇಷ್ಟ್ರು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟರು. ಕಾರಣ ಸಿಕ್ಕಿತಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಹುಡುಕಿದರೂ ಸಿಗಲಿಲ್ಲ. ಇಷ್ಟು ವರ್ಷ ತಾವು ಲೋಕಕ್ಕೆಲ್ಲ ಒಂದೇ ಅಳತೆಯೆಂದು ಹೇಳಿಕೊಟ್ಟದ್ದು ತಮ್ಮ ಒಬ್ಬರ ಕೈಗೆ ಮಾತ್ರ ನಿಜವಾಗಿತ್ತು ಎಂಬುದು ಅವರಿಗೆ ನುಂಗಲಾರದ ತುತ್ತಾಯಿತು. ತಮಗಿಂತ ಮೊದಲು ಕೆಲಸ ಬಿಟ್ಟುಹೋದ ಶಿಷ್ಯರ ಕೈಗಳೆಲ್ಲ ಹೇಗಿದ್ದವೆಂದು ನೆನಪಿಸಿಕೊಳ್ಳಲು ನೋಡಿದರು. ಆಗಲಿಲ್ಲ.

ಆದರೆ ದೊಡ್ಡವರ ದೊಡ್ಡತನ ತಿಳಿಯುವುದು ಇಂಥಲ್ಲೇ. ಕಾರಣವನ್ನು ಯಜಮಾನರಿಗೆ ತಿಳಿಸುವಾಗ ಮೇಷ್ಟ್ರು ಹೊಸಬಳ ಬೆರಳು ಸಣ್ಣವೆಂದು ಹೇಳಲಿಲ್ಲ. “ತಪ್ಪು ನನ್ನ ಬೆರಳಿಂದು” ಅಂದರು. ನಾಲ್ವರು ಗ್ರಾಹಕರ ಮನೆಗೂ ತಾವೇ ಹೋಗಿ ಅದೇ ಮಾತು ಹೇಳಿದರು. ಮೂವರು ಕುರ್ಚಿ ಕೊಟ್ಟು, ನೀರು ಕೊಟ್ಟು, ಪರವಾಗಿಲ್ಲ ಅಂದರು. ನಾಲ್ಕನೆಯವರು ಮಾತ್ರ ಬಾಗಿಲಲ್ಲೇ ನಿಂತು, “ಸ್ವಾಮಿ, ನಿಮ್ಮ ಬೆರಳು ದಪ್ಪ ಇದ್ರೆ ನನ್ನ ಕಾರಿಗೆ ಯಾಕೆ ತೂತು ಬೀಳ್ಬೇಕು?” ಎಂದು ಕೇಳಿದರು. ಮೇಷ್ಟ್ರು ಮೊದಲಿನಿಂದ ವಿವರಿಸಿದರು. ವಿವರಣೆ ಮುಗಿಯುವ ಹೊತ್ತಿಗೆ ಇಬ್ಬರೂ ಏನೂ ಅರ್ಥವಾಗದ ಸ್ಥಿತಿಗೆ ಬಂದಿದ್ದರಂತೆ. ಹೊಸಬಳು ಅಷ್ಟರಲ್ಲಿ ಮೇಷ್ಟ್ರ ಬೆರಳುಗಳ ಅಳತೆಗೆ ಒಂದು ಮರದ ಬಿಲ್ಲೆ ಕತ್ತರಿಸಿ, ಉಜ್ಜಿ, ನೂಲು ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ತಾನು ಕಟ್ಟಿದ ಇಪ್ಪತ್ತಮೂರು ಕಾರುಗಳನ್ನೂ ಒಂದೊಂದಾಗಿ ಕರೆಸಿ ಅಂತರ ಸರಿಪಡಿಸಿದಳು.

ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು. ನಿವೃತ್ತಿಗೆ ಇನ್ನು ಹದಿನೆಂಟು ದಿನವಿರುವಾಗ ಐದನೆಯ ಕಾರು ಬಂತು. ಹಳ್ಳಿಹಳ್ಳಿ ತಿರುಗುವ ಪಶುವೈದ್ಯೆಯ ಕಾರು. ಕಂಡೆನ್ಸರಿನ ಬಲಮೂಲೆಯಲ್ಲಿ ಸಾಸಿವೆಯಷ್ಟು ತೂತು. ಅದಕ್ಕೆ ಜಾಲರಿ ಕಟ್ಟಿದ್ದವರು ಸ್ವತಃ ಮೇಷ್ಟ್ರು, ತಮ್ಮದೇ ಎರಡು ಬೆರಳು ಬಿಟ್ಟು. ಆರು ಮೂಲೆಯ ಗುರುತು ಇರಲಿಲ್ಲ, ಜಾಲರಿ ಹರಿದಿರಲಿಲ್ಲ.

ಯಜಮಾನರು ಎರಡೂ ಕೈ ಮೇಲೆತ್ತಿದರು. “ಈಗ ಇದಕ್ಕೆ ಯಾರ ಬೆರಳು?”

ಮೂರು ದಿನ ಮೇಷ್ಟ್ರು ಆ ಕಾರಿನ ಸುತ್ತ ಸುತ್ತಿದರು. ಕೊನೆಗೆ ಎಲ್ಲರೆದುರೇ ಹೊಸಬಳನ್ನು ಕೇಳಿದರು: “ನೀನೇನಂತೀಯ?”

ಅವಳು ಬಹಳ ಹೊತ್ತು ನೋಡಿ, “ಗೊತ್ತಿಲ್ಲ ಮೇಷ್ಟ್ರೇ” ಅಂದಳು. ಯಜಮಾನರ ಹುಬ್ಬು ಗಂಟಿಕ್ಕಿತು. ಅವಳು ಅದನ್ನು ಕಂಡೂ ಮುಂದುವರಿಸಿದಳು. “ಅಂಚಿಂದ ನುಗ್ಗಿರ್ಬಹುದು, ಚಕ್ರದ ಕಡೆಯಿಂದ ಬಂದಿರ್ಬಹುದು. ಸುಮ್ನೆ ಒಂದು ಹೇಳೋಕೆ ನಂಗಿಷ್ಟ ಇಲ್ಲ. ಹೊಸ ಹಲಗೆ ಹಾಕಿ, ಜಾಲರಿ ಅಂಚಿಗೆ ಸುತ್ತ ಬಿಳಿ ಬಟ್ಟೆ ಪಟ್ಟಿ ಹೊಲೀತೀನಿ. ಅಂಚಿಂದ ಕಲ್ಲು ಬಂದ್ರೆ ಪಟ್ಟಿ ಹರಿಯತ್ತೆ. ಹರೀಲಿಲ್ಲ ಅಂದ್ರೆ ಬೇರೆ ಕಡೆ ಹುಡುಕೋಣ. ಡಾಕ್ಟ್ರು ಹದಿನೈದು ದಿನ ಓಡಿಸ್ಕೊಂಡು ಬರ್ಲಿ.”

“ಗೊತ್ತಿಲ್ಲ ಅನ್ನೋದನ್ನ ಬಾಯಿಬಿಟ್ಟು ಹೇಳೋಕೆ ನಂಗೆ ಹದಿನೈದು ವರ್ಷ ಹಿಡೀತು” ಎಂದು ಮೇಷ್ಟ್ರು ಯಜಮಾನರ ಕಡೆ ತಿರುಗಿ ಹೇಳಿದರು. “ಅಲ್ಲೀತನಕ ಕಲ್ಲು, ಕಲ್ಲು ಅಂತ ಹೇಳಿ ಎಷ್ಟು ಜನರನ್ನ ಕಳಿಸಿದೀನೋ.” ಯಜಮಾನರು ಉಗ್ರಾಣದಿಂದ ಹೊಸ ಹಲಗೆ ತರಿಸಿಕೊಟ್ಟರು.

ಹಿರಿಯರಿಗೆ ನೂರು ವರ್ಷ ಬಾಳಿ, ನೆಮ್ಮದಿಯಾಗಿರಿ ಎಂದು ಹಾರೈಸುವುದು ವಾಡಿಕೆ. ಮೇಷ್ಟ್ರ ವಿಷಯದಲ್ಲಿ ನೆಮ್ಮದಿಯನ್ನು ಹಾರೈಸಲು ನಮಗೆ ಧೈರ್ಯ ಸಾಲದು. ಎಲ್ಲವೂ ಅರ್ಥವಾಗಿ ಸುಮ್ಮನೆ ಕೂತ ಮೇಷ್ಟ್ರನ್ನು ಯಾರೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ. ಅವರ ಕೈಗಳಿಗೆ ಕಸುವಿರಲಿ, ಕಣ್ಣಿಗೆ ಬೆಳಕಿರಲಿ, ಅವರ ಮನೆಯವರ ಬಾಚಣಿಗೆಗಳಿಗೆ ಇನ್ನಾದರೂ ಹಲ್ಲು ಉಳಿಯಲಿ. ಇನ್ನೂ ಹಲವು ಹತ್ತು ವರ್ಷ ಅವರು ಯಾರದಾದರೂ ಕಾರಿನ ಮುಂದೆ ಬಗ್ಗಿ, ಏನೂ ತಿಳಿಯದೆ ತಲೆ ಕೆರೆದುಕೊಳ್ಳುತ್ತಿರಲಿ. ಅವರ ಆ ಗೊಂದಲದಿಂದಲೇ ನಾವೆಲ್ಲ ಇಷ್ಟು ಕೆಲಸ ಕಲಿತದ್ದು.

ಅವರ ಸೇವೆಯ ಕೊನೆಯ ದಿನ, ಎಲ್ಲರೂ ಸುತ್ತ ನಿಂತು ಒಬ್ಬೊಬ್ಬರಾಗಿ ಮಾತಾಡುತ್ತಿದ್ದಾಗ, ಪಶುವೈದ್ಯೆಯ ಕಾರು ಒಳಗೆ ಬಂದು ನಿಂತಿತು. ಅವರು ಇಳಿದು, ಗುಂಪನ್ನು ಕಂಡು ಸಂಕೋಚಪಟ್ಟು, ಕೀಲಿ ಹಿಡಿದು ನಿಂತರು.

“ಹದಿನೈದು ದಿನ ಆಯ್ತು, ಬನ್ನಿ ಅಂದಿದ್ರಿ. ಇದನ್ನ ಯಾರು ನೋಡ್ತೀರಿ?”

ಮೇಷ್ಟ್ರ ಕೈ ಮೂವತ್ತೆಂಟು ವರ್ಷದ ರೂಢಿಯಂತೆ ಆಗಲೇ ಮುಂದೆ ಚಾಚಿತ್ತು. ಯಜಮಾನರು ಆ ಕೈಯನ್ನು ನೋಡಿದರು, ಹೊಸಬಳ ಕೊರಳಿನ ಬಿಲ್ಲೆಯನ್ನು ನೋಡಿದರು.

“ಅವಳಿಗೆ ಕೊಡಿ ಡಾಕ್ಟ್ರೇ. ಆ ಮೇಜು ಈಗ ಅವಳದು.”

ಕೀಲಿ ಮೇಷ್ಟ್ರ ಅಂಗೈಯನ್ನು ದಾಟಿ ಹೋಗಿ ಹೊಸಬಳ ಕೈ ಸೇರಿತು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಮೇಷ್ಟ್ರು ಅದನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಅಷ್ಟರಲ್ಲಿ ಅವಳು ಕಾರಿನ ಮುಂದೆ ಮಂಡಿಯೂರಿ ಬಂಪರಿನ ಮೊದಲ ಕ್ಲಿಪ್ಪು ಬಿಚ್ಚಿದ್ದಳು. ಮೇಷ್ಟ್ರು ಮೇಜಿನ ಮೇಲಿದ್ದ ಟಾರ್ಚನ್ನು ಎತ್ತಿಕೊಂಡು, ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಸಂದಿಗೆ ಬೆಳಕು ಹಿಡಿದರು.